ಪ್ರವಾಸ ವಿಮೆ

ಪ್ರಯಾಣದ ಅವಧಿಯಲ್ಲಿ ಸಂಭವಿಸುವ ಅಪಘಾತ, ಅನಾರೋಗ್ಯ, ಸಾಮಾನು ನಷ್ಟ, ಪ್ರಯಾಣ ರದ್ದತಿ ಮೊದಲಾದವುಗಳಿಂದಾಗುವ ಹಣಕಾಸಿನ ಹಾನಿಯನ್ನು ಭರಿಸುವ ಅಲ್ಪಾವಧಿ ವಿಮೆ. ರೈಲು ಸಂಚಾರ ಹರಡಿದಂತೆ ಇದು ಬೆಳೆಯಿತು. ಬ್ರಿಟನ್ನಿನ ರೈಲ್ವೆ ಪ್ಯಾಸೆಂಜರ್ಸ್ ಅಶ್ಯೂರೆನ್ಸ್ ಕಂಪನಿ 1849ರಿಂದ ಪ್ರಯಾಣಿಕರಿಗೆ ಅಪಘಾತ ವಿಮೆ ಮಾರಿತು. 1864ರಲ್ಲಿ ಜೇಮ್ಸ್ ಬ್ಯಾಟರ್ಸನ್ ಅಮೆರಿಕದ ಹಾರ್ಟ್‌ಫರ್ಡ್‌ನಲ್ಲಿ ಟ್ರಾವೆಲರ್ಸ್ ಕಂಪನಿ ಆರಂಭಿಸಿದ.

ಅಗತ್ಯ: ವಿದೇಶದಲ್ಲಿ ಆಸ್ಪತ್ರೆ ಸೇರಿದರೆ ಬರುವ ಬಿಲ್ಲು ಒಂದು ಕುಟುಂಬದ ವರ್ಷಗಳ ಉಳಿತಾಯವನ್ನೇ ಕರಗಿಸಬಲ್ಲದು, ದೇಶದೊಳಗಿನ ಆರೋಗ್ಯ ವಿಮೆ ಸಾಮಾನ್ಯವಾಗಿ ಅಲ್ಲಿ ನೆರವಿಗೆ ಬಾರದು. ಯೂರೋಪಿನ ಹಲವು ದೇಶಗಳಿಗೆ ಒಟ್ಟಾಗಿ ಅನ್ವಯಿಸುವ ಷೆಂಗೆನ್ ವೀಸಾಕ್ಕೆ ಅರ್ಜಿ ಹಾಕುವ ಭಾರತೀಯರು ಕನಿಷ್ಠ 30,000 ಯೂರೋ ಮೊತ್ತದ ವೈದ್ಯಕೀಯ ವಿಮೆ ತೋರಿಸಲೇಬೇಕು. ತುರ್ತು ಚಿಕಿತ್ಸೆಯ ಜೊತೆಗೆ ರೋಗಿಯನ್ನು ಅಥವಾ ಮೃತದೇಹವನ್ನು ಸ್ವದೇಶಕ್ಕೆ ಸಾಗಿಸುವ ವೆಚ್ಚವೂ ಅದರಲ್ಲಿ ಸೇರಿರಬೇಕು.

ಭಾರತದಲ್ಲಿ: ಆನ್‌ಲೈನ್‌ನಲ್ಲಿ ರೈಲು ಟಿಕೆಟ್ ಮಾರುವ ಸಂಸ್ಥೆ ಐಆರ್‌ಸಿಟಿಸಿ 2016ರಿಂದ ಇ-ಟಿಕೆಟ್ ಜೊತೆಗೆ ಐಚ್ಛಿಕ ವಿಮೆ ನೀಡುತ್ತಿದೆ. ಕಂತು ಒಂದು ರೂಪಾಯಿಗೂ ಕಡಿಮೆ. ರೈಲು ಅಪಘಾತದಲ್ಲಿ ಸಾವು ಅಥವಾ ಶಾಶ್ವತ ಪೂರ್ಣ ಅಂಗವೈಕಲ್ಯಕ್ಕೆ 10 ಲಕ್ಷ, ಆಸ್ಪತ್ರೆ ವೆಚ್ಚಕ್ಕೆ 2 ಲಕ್ಷ ರೂಪಾಯಿವರೆಗೆ ಪರಿಹಾರ. ಟಿಕೆಟ್ ಕಾದಿರಿಸಿದ ಮೇಲೆ ವಿಮಾ ಕಂಪನಿ ಕಳಿಸುವ ಲಿಂಕ್‌ನಲ್ಲಿ ನಾಮಿನಿಯ ವಿವರ ತುಂಬಬೇಕು. ಹಲವರು ಇದನ್ನು ಕಡೆಗಣಿಸುವುದರಿಂದ ಮುಂದೆ ವಾರಸುದಾರರು ಅಲೆಯಬೇಕಾಗುತ್ತದೆ.

ಮಿತಿಗಳು: ಮೊದಲೇ ಇದ್ದ ಕಾಯಿಲೆ, ಮದ್ಯಪಾನದಿಂದಾದ ಅವಘಡ, ಸಾಹಸ ಕ್ರೀಡೆಗಳನ್ನು ಹಲವು ಪಾಲಿಸಿಗಳು ಹೊರಗಿಡುತ್ತವೆ. ಕಾಯಿಲೆಯನ್ನು ಮುಚ್ಚಿಟ್ಟರೆ ಕ್ಲೇಮು ತಿರಸ್ಕೃತವಾಗಬಹುದು. ಕ್ಲೇಮು ಸಲ್ಲಿಸಲು, ಕಳವಾದರೆ ಪೊಲೀಸ್ ದೂರಿನ ಪ್ರತಿ, ವಿಮಾನದಲ್ಲಿ ಸಾಮಾನು ಕಳೆದರೆ ವಿಮಾನಯಾನ ಸಂಸ್ಥೆಯ ಲಿಖಿತ ವರದಿ, ಚಿಕಿತ್ಸೆಗೆ ಮೂಲ ಬಿಲ್ಲುಗಳು ಬೇಕು.