ಮನೆ, ಮಣೆ, ಮಾರುಕಟ್ಟೆ: ಗಡಿನಾಡಿನ ಮಣೆಯಾಟಗಳ ಒಂದು ಚಾರಿತ್ರಿಕ ಅವಲೋಕನ

ನೆಲದ ಮೇಲೋ ಹಲಗೆಯ ಮೇಲೋ ಮನೆಗಳನ್ನು ಬರೆದು, ಕಾಯಿ ನಡೆಸಿ, ಕುಳಿತು ಆಡುವ ಆಟಗಳನ್ನು ಈ ಲೇಖನದಲ್ಲಿ ಮಣೆಯಾಟಗಳೆಂದು ಕರೆಯಲಾಗಿದೆ. ಇಂಥ ಆಟಗಳ ಉದ್ಯಮದ ಚರಿತ್ರೆಯನ್ನು ಸಾಮಾನ್ಯವಾಗಿ ವಿನ್ಯಾಸ, ಪ್ರಕಟಣೆ, ಮಾರಾಟ ಎಂಬ ಮೂರು ಘಟ್ಟಗಳಲ್ಲಿ ಬರೆಯಲಾಗುತ್ತದೆ: ಒಬ್ಬ ವಿನ್ಯಾಸಕ ಆಟವನ್ನು ಕಲ್ಪಿಸುತ್ತಾನೆ, ಪ್ರಕಾಶಕ ಅಚ್ಚು ಹಾಕಿಸುತ್ತಾನೆ, ವರ್ತಕ ಮಾರುತ್ತಾನೆ. ಕನ್ನಡ-ತೆಲುಗು ಗಡಿನಾಡಿನ ಆಟಗಳಿಗೆ ಈ ಕ್ರಮ ಹೊಂದುವುದಿಲ್ಲ. ಇಲ್ಲಿ ಆಟ ಮೊದಲೇ ಇದೆ. ವಿನ್ಯಾಸಕನ ಹೆಸರು ಯಾರಿಗೂ ತಿಳಿಯದು. ಪ್ರಕಾಶಕ ಬಂದದ್ದು ತೀರ ಈಚೆಗೆ. ಹಾಗೆ ಬಂದ ಪ್ರಕಾಶಕ ಹೊಸದಾಗಿ ಸೇರಿಸುವುದು ಪೆಟ್ಟಿಗೆಯನ್ನು ಮತ್ತು ಅದರೊಳಗಿನ ನಿಯಮಗಳ ಹಾಳೆಯನ್ನು. ಆ ಹಾಳೆ ಯಾವ ಭಾಷೆಯಲ್ಲಿರಬೇಕು, ಯಾರ ಹೆಸರುಗಳನ್ನು ಹೊರಬೇಕು ಎಂಬುದು ಅಲ್ಪಸಂಖ್ಯಾತ ಭಾಷಿಕರ ಮಟ್ಟಿಗೆ ಸಣ್ಣ ಪ್ರಶ್ನೆಯಲ್ಲ.

ಕುಂದುರ್ಪಿ ಈ ಪ್ರಶ್ನೆಯನ್ನು ಕೇಳಲು ತಕ್ಕ ಸ್ಥಳ. ಗಿರಿದುರ್ಗವಿರುವ ಈ ಊರು ಆಂಧ್ರಪ್ರದೇಶದ ಅನಂತಪುರ ಜಿಲ್ಲೆಯ ಕಲ್ಯಾಣದುರ್ಗ ವಿಭಾಗದಲ್ಲಿದೆ. ಕರ್ನಾಟಕದ ಗಡಿ ಹತ್ತಿರದಲ್ಲೇ ಇದೆ. 1800ರಲ್ಲಿ ನಿಜಾಮ ಕಂಪನಿಗೆ ಬಿಟ್ಟುಕೊಟ್ಟ ಸೀಮೆಯ ಭಾಗವಾಗಿ ಈ ಪ್ರದೇಶ ಬಳ್ಳಾರಿ ಜಿಲ್ಲೆಗೆ ಸೇರಿತು. 1882ರಲ್ಲಿ ಅನಂತಪುರ ಪ್ರತ್ಯೇಕ ಜಿಲ್ಲೆಯಾಯಿತು. 1953ರಲ್ಲಿ ಬಳ್ಳಾರಿಯ ಬಹುಭಾಗ ಮೈಸೂರಿಗೆ ಬಂದಾಗ ಅನಂತಪುರ ಆಂಧ್ರದಲ್ಲಿ ಉಳಿಯಿತು. 2022ರ ಜಿಲ್ಲಾ ಪುನರ್ವಿಂಗಡಣೆಯಲ್ಲಿ ಹಿಂದೂಪುರ, ಮಡಕಶಿರಾಗಳು ಶ್ರೀ ಸತ್ಯಸಾಯಿ ಜಿಲ್ಲೆಗೆ ಸೇರಿದವು. ಆಡಳಿತದ ಗೆರೆಗಳು ಹೀಗೆ ಪದೇ ಪದೇ ಬದಲಾದರೂ ಅಂಗಳದಲ್ಲಿ ಬಳಪದಿಂದ ಎಳೆದ ಗೆರೆಗಳು ಗಡಿಯ ಎರಡು ಕಡೆಯೂ ಒಂದೇ ಬಗೆಯಾಗಿ ಉಳಿದಿವೆ.

ಚೌಕಾಬಾರವನ್ನೇ ನೋಡಬಹುದು. ಐದು ಸಾಲು, ಐದು ಕಂಬ, ಒಟ್ಟು 25 ಮನೆ. ಅಂಚಿನ ನಾಲ್ಕು ನಡುಮನೆಗಳಿಗೂ ಕೇಂದ್ರದ ಮನೆಗೂ ಗುಣಾಕಾರದ ಗುರುತು ಹಾಕುತ್ತಾರೆ. ಆ ಮನೆಗಳಲ್ಲಿ ಕೂತ ಕಾಯಿಯನ್ನು ಹೊಡೆಯುವಂತಿಲ್ಲ. ನಾಲ್ಕು ಕವಡೆಗಳು ನಾಲ್ಕೂ ಅಂಗಾತ ಬಿದ್ದರೆ ನಾಲ್ಕು, ಅದು ಚೌಕ. ನಾಲ್ಕೂ ಬೋರಲು ಬಿದ್ದರೆ ಎಂಟು, ಅದು ಬಾರ. ಇದೇ ಆಟ ತೆಲುಗಿನಲ್ಲಿ ಅಷ್ಟಾಚಮ್ಮ. ಅಲ್ಲಿ ಅಷ್ಟ ಎಂದರೆ ಎಂಟು, ಚಮ್ಮ ಎಂದರೆ ನಾಲ್ಕು. ಎರಡು ಭಾಷೆಗಳೂ ಅವೇ ಎರಡು ಗರಗಳಿಂದ ಆಟಕ್ಕೆ ಹೆಸರಿಟ್ಟಿವೆ. ಕನ್ನಡ ನಾಲ್ಕರಿಂದ ಎಂಟಕ್ಕೆ ಹೋದರೆ ತೆಲುಗು ಎಂಟರಿಂದ ನಾಲ್ಕಕ್ಕೆ ಬರುತ್ತದೆ. ಕನ್ನಡದ ‘ಬಾರ’ದಲ್ಲಿ ಹನ್ನೆರಡನ್ನು ಸೂಚಿಸುವ ಹಿಂದಿ ಪದದ ನೆರಳು ಕಂಡರೂ ಈ ಆಟದಲ್ಲಿ ಅದರ ಬೆಲೆ ಎಂಟೇ.

ಹೆಸರು ಬೇರೆಯಾದರೂ ರೂಪಕ ಒಂದೇ ಆಗಿರುವುದು ಇನ್ನೂ ಗಮನಾರ್ಹ. ಕನ್ನಡದಲ್ಲಿ ಕಾಯಿ ಸುತ್ತು ಮುಗಿಸಿ ನಡುಮನೆಗೆ ಸೇರಿದರೆ ಅದು ‘ಹಣ್ಣಾಗುತ್ತದೆ’. ತೆಲುಗಿನಲ್ಲೂ ‘ಕಾಯ’ ಅಲ್ಲಿಗೆ ಸೇರಿದಾಗ ‘ಪಂಡುತ್ತದೆ’. ಬೇಸಾಯದ ಬದುಕಿನಿಂದ ಬಂದ ಈ ಮಾತು ಎರಡು ಭಾಷೆಗಳಲ್ಲೂ ಆಟದ ಗುರಿಯನ್ನು ಮಾಗುವಿಕೆಯಾಗಿ ಕಾಣುತ್ತದೆ. ಹುಲಿಕಟ್ಟಿನದೂ ಇಂಥದೇ ಕಥೆ. ತ್ರಿಕೋನದ ಹಾಸಿನ ಮೇಲೆ 3 ಹುಲಿ, 15 ಆಡುಗಳ ನಡುವೆ ನಡೆಯುವ ಈ ಹೋರಾಟ ತೆಲುಗಿನಲ್ಲಿ ಪುಲಿಜೂದಂ. ಕನ್ನಡದ ಹೆಸರು ಹುಲಿಯನ್ನು ಕಟ್ಟಿಹಾಕುವ ಕೌಶಲವನ್ನು ಹೇಳಿದರೆ ತೆಲುಗಿನ ಹೆಸರು ಜೂಜನ್ನು ನೆನಪಿಸುತ್ತದೆ. ಪರಮಪದ ಸೋಪಾನ ತೆಲುಗಿನಲ್ಲಿ ವೈಕುಂಠಪಾಳಿ. ಈ ಮೂರರಲ್ಲಿ ಪರಮಪದದ ಪಟ ಮಾತ್ರ ಅಗ್ಗದ ಅಚ್ಚಿನ ಹಾಳೆಯಾಗಿ ಜನರ ಕೈಗೆ ಬಂದಿತು. ನೂರಕ್ಕೂ ಮಿಕ್ಕ ಮನೆಗಳು, ಅವುಗಳ ಹೆಸರುಗಳು, ಹಾವು-ಏಣಿಗಳು ಬಳಪದಿಂದ ಬರೆಯಲಾಗದಷ್ಟು ಹೆಚ್ಚು. ಉಳಿದ ಆಟಗಳಿಗೆ ಹುಣಸೆಬೀಜ, ಬಳೆಚೂರು, ಬೆಣಚುಕಲ್ಲು ಸಾಕು. ಖರ್ಚೇ ಇಲ್ಲದ ಕಡೆ ಮಾರಾಟಕ್ಕೆ ಜಾಗವಿರಲಿಲ್ಲ.

ಇದಕ್ಕೆ ಎದುರಾದ ಇನ್ನೊಂದು ಪರಂಪರೆ ಆಸ್ಥಾನದ್ದು. ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರನ ಹೆಸರಿನ ಹನ್ನೆರಡನೆಯ ಶತಮಾನದ ಸಂಸ್ಕೃತ ಕೃತಿ ‘ಮಾನಸೋಲ್ಲಾಸ’ ಚದುರಂಗ, ಪಗಡೆ, ಕವಡೆಯಾಟಗಳನ್ನು ರಾಜನ ವಿನೋದಗಳಾಗಿ ವಿವರಿಸುತ್ತದೆ. ಏಳು ಶತಮಾನಗಳ ನಂತರ ಮೈಸೂರಿನ ಮುಮ್ಮಡಿ ಕೃಷ್ಣರಾಜ ಒಡೆಯರು (1794–1868) ಈ ಪರಂಪರೆಯನ್ನು ವಿನ್ಯಾಸದ ಮಟ್ಟಕ್ಕೆ ಒಯ್ದರು. 1831ರಲ್ಲಿ ಬ್ರಿಟಿಷರು ಆಡಳಿತವನ್ನು ಕಸಿದುಕೊಂಡ ನಂತರದ ದೀರ್ಘ ಬಿಡುವಿನಲ್ಲಿ ಅವರ ಆಸಕ್ತಿ ಗ್ರಂಥರಚನೆ, ಚಿತ್ರಕಲೆ, ಆಟಗಳತ್ತ ಹರಿಯಿತು. ಅವರ ಆಶ್ರಯದಲ್ಲಿ ಸಿದ್ಧವಾದ ‘ಶ್ರೀತತ್ತ್ವನಿಧಿ’ಯ ಒಂಬತ್ತನೆಯ ಭಾಗವಾದ ಕೌತುಕನಿಧಿಯಲ್ಲಿ ಆಟಗಳಿಗೆ ಸ್ಥಾನ ದೊರೆಯಿತು. ಮೊಗಲರ ಗಂಜೀಫಾ 8 ಬಣಗಳ 96 ಎಲೆಗಳದ್ದು. ದಶಾವತಾರ ಗಂಜೀಫಾ 10 ಬಣಗಳ 120 ಎಲೆಗಳದ್ದು. ಮುಮ್ಮಡಿಯವರು ರೂಪಿಸಿದ ಛದ ಎಂಬ ಬಗೆಯಲ್ಲಿ ಒಂದೊಂದು ಬಣಕ್ಕೆ ಸಾಮಾನ್ಯವಾಗಿ 12 ಸಂಖ್ಯೆಯ ಎಲೆಗಳೂ 6 ಚಿತ್ರದ ಎಲೆಗಳೂ ಇದ್ದವು. ಅತಿ ದೊಡ್ಡ ಕಟ್ಟು 18 ಬಣಗಳಿಗೂ 360 ಎಲೆಗಳಿಗೂ ಬೆಳೆಯಿತು.

ಇಲ್ಲಿ ವಿನ್ಯಾಸಕನಿದ್ದ, ಗ್ರಂಥವಿತ್ತು, ನುರಿತ ಚಿತ್ರಕಾರರಿದ್ದರು. ಆಡುವ ಸಮುದಾಯ ಮಾತ್ರ ಬೆಳೆಯಲಿಲ್ಲ. ಛದ ಆಟಗಳು ಅರಮನೆಯಾಚೆಗೆ ಹರಡಿದಂತೆ ಕಾಣುವುದಿಲ್ಲ. ಅಷ್ಟು ಎಲೆಗಳನ್ನು ಕೈಯಿಂದ ಬರೆಸುವ ವೆಚ್ಚ, ಅಷ್ಟು ದೇವತೆಗಳನ್ನೂ ಸಂಕೇತಗಳನ್ನೂ ನೆನಪಿಡುವ ಶ್ರಮ ಎರಡೂ ದೊಡ್ಡವು. ಇಂದು ಮೈಸೂರು ಗಂಜೀಫಾಕ್ಕೆ ಭೌಗೋಳಿಕ ಸೂಚಕದ ಮಾನ್ಯತೆ ಇದೆ. ಶ್ರೀರಂಗಪಟ್ಟಣದ ಗಂಜೀಫಾ ರಘುಪತಿ ಭಟ್ಟರಂಥ ಕಲಾವಿದರು ಅದನ್ನು ಉಳಿಸಿಕೊಂಡು ಬಂದರು. ಆದರೆ ಕೊಳ್ಳುವವರು ಅದನ್ನು ಹೆಚ್ಚಾಗಿ ಚಿತ್ರವಾಗಿ ಕೊಳ್ಳುತ್ತಾರೆ, ಆಟವಾಗಿ ಅಲ್ಲ.

ಪೆಟ್ಟಿಗೆಯ ಕಥೆ ಶುರುವಾದದ್ದು ಕಡಲಾಚೆ. ಪಚೀಸಿ ಆಟ ಅಮೆರಿಕದಲ್ಲಿ ‘ಪಾರ್ಚೀಸಿ’ ಎಂಬ ಹೆಸರಿನಲ್ಲಿ 1874ರಲ್ಲಿ ವ್ಯಾಪಾರಮುದ್ರೆಯಾಯಿತು. ಇಂಗ್ಲೆಂಡಿನಲ್ಲಿ 1896ರಲ್ಲಿ ‘ಲೂಡೋ’ ಆಗಿ ಪೇಟೆಂಟ್ ಪಡೆಯಿತು. ಕವಡೆಗಳ ಬದಲು ಒಂದು ದಾಳ ಬಂದಿತು, ನಿಯಮಗಳು ಸರಳವಾದವು, ಬಟ್ಟೆಯ ಹಾಸು ರಟ್ಟಾಯಿತು. ಆಮೇಲೆ ಆ ರಟ್ಟು ಭಾರತಕ್ಕೇ ಮರಳಿ ಬಂದು ಸಂತೆ-ಜಾತ್ರೆಗಳ ಅಂಗಡಿ ಸೇರಿತು. ಅಚ್ಚಾಗುವಾಗ ಏನು ಕಳೆಯುತ್ತದೆ ಎಂಬುದಕ್ಕೆ ‘ಮೊನಾಪಲಿ’ಯ ಚರಿತ್ರೆ ಒಳ್ಳೆಯ ನಿದರ್ಶನ. ಎಲಿಜಬೆತ್ ಮ್ಯಾಗಿ 1904ರಲ್ಲಿ ಪೇಟೆಂಟ್ ಪಡೆದ ‘ದ ಲ್ಯಾಂಡ್‌ಲಾರ್ಡ್ಸ್ ಗೇಮ್’ ಮೂರು ದಶಕಗಳ ಕಾಲ ಮನೆಯಲ್ಲೇ ಬರೆದುಕೊಂಡ ಹಾಸುಗಳ ಮೇಲೆ ಹಬ್ಬಿತು. ಆಡುವವರು ತಮ್ಮ ತಮ್ಮ ಊರಿನ ಬೀದಿಗಳ ಹೆಸರನ್ನು ಅದರ ಮನೆಗಳಿಗೆ ಇಟ್ಟುಕೊಂಡರು. 1935ರಲ್ಲಿ ಪಾರ್ಕರ್ ಬ್ರದರ್ಸ್ ಆಕೆಯ ಪೇಟೆಂಟನ್ನು 500 ಡಾಲರಿಗೆ ಕೊಂಡಿತು. ಅಟ್ಲಾಂಟಿಕ್ ಸಿಟಿಯ ಬೀದಿಗಳ ಪಾಠವೊಂದೇ ಅಚ್ಚಿನಲ್ಲಿ ನಿಂತಿತು. ಮೌಖಿಕ ಕಾವ್ಯದ ಒಂದು ಪಾಠ ಮುದ್ರಣವಾದಾಗ ಉಳಿದ ಪಾಠಗಳು ಹಿಂದೆ ಸರಿಯುವುದನ್ನು ಬಲ್ಲ ಸಾಹಿತ್ಯದ ವಿದ್ಯಾರ್ಥಿಗಳಿಗೆ ಇದು ಅಪರಿಚಿತವೇನಲ್ಲ.

ಭಾರತದಲ್ಲಿ ಕಾನೂನಿನ ಸ್ಥಿತಿ ಭಿನ್ನ. 1970ರ ಪೇಟೆಂಟ್ ಕಾಯ್ದೆಯ ಮೂರನೆಯ ಕಲಮಿನ ‘ಎಂ’ ಉಪಕಲಮು ಆಟ ಆಡುವ ವಿಧಾನವನ್ನು ಆವಿಷ್ಕಾರವೆಂದು ಒಪ್ಪುವುದಿಲ್ಲ. ಆದ್ದರಿಂದ ಚೌಕಾಬಾರವನ್ನು ಯಾರು ಬೇಕಾದರೂ ಮಾರಬಹುದು. ಯಾರೂ ಅದರ ನಿಯಮಗಳ ಒಡೆಯರಾಗಲಾರರು. ಪ್ರಕಾಶಕನಿಗೆ ತನ್ನದೆನ್ನಲು ಉಳಿಯುವುದು ಚಿತ್ರ, ಬರಹ, ವ್ಯಾಪಾರಮುದ್ರೆ. ಮೈಸೂರಿನ ರಾಮ್‌ಸನ್ಸ್ ಕಲಾ ಪ್ರತಿಷ್ಠಾನದ ‘ಕ್ರೀಡಾ ಕೌಶಲ್ಯ’ ಪ್ರದರ್ಶನಗಳು, ಚೆನ್ನೈನ ಕ್ರೀಡಾ, ಬೆಂಗಳೂರಿನ ಕವಡೆ ಮೊದಲಾದ ಸಂಸ್ಥೆಗಳು ಹಳೆಯ ಆಟಗಳಿಗೆ ಹೊಸ ಹಾಸು, ಹೊಸ ಪೆಟ್ಟಿಗೆ ಕೊಟ್ಟಿವೆ. ಮರೆಯುತ್ತಿದ್ದ ಆಟಗಳು ನಗರದ ಮನೆಗಳಿಗೆ ಮರಳಿದ್ದರಲ್ಲಿ ಇವುಗಳ ಪಾಲು ದೊಡ್ಡದು. 2021ರ ಜನವರಿ 1ರಿಂದ ಜಾರಿಗೆ ಬಂದ ಆಟಿಕೆಗಳ ಗುಣಮಟ್ಟ ನಿಯಂತ್ರಣ ಆದೇಶ ಮಕ್ಕಳ ಆಟಿಕೆಗಳಿಗೆ ಬಿಐಎಸ್ ಗುರುತನ್ನು ಕಡ್ಡಾಯಗೊಳಿಸಿತು. ನೋಂದಾಯಿತ ಕುಶಲಕರ್ಮಿಗಳಿಗೂ ಭೌಗೋಳಿಕ ಸೂಚಕ ಪಡೆದ ಸರಕಿಗೂ ವಿನಾಯಿತಿ ಕೊಟ್ಟಿತು. ಗಡಿನಾಡಿನ ಬಡಗಿಯೋ ನೇಕಾರನೋ ಮಕ್ಕಳಿಗಾಗಿ ಹಾಸು-ಕಾಯಿ ಮಾಡಿ ಮಾರಬೇಕೆಂದರೆ ಈ ನೋಂದಣಿಯೇ ಮೊದಲ ಮೆಟ್ಟಿಲು.

ಪೆಟ್ಟಿಗೆಯನ್ನು ಬೇಡವೆನ್ನಲು ಕಾರಣವಿಲ್ಲ. ಅದರೊಳಗಿನ ಹಾಳೆಯನ್ನು ಓದಿನೋಡಲು ಕಾರಣವಿದೆ. ನಗರದ ಮಾರುಕಟ್ಟೆಗೆ ಬರೆದ ಹಾಳೆ ಇಂಗ್ಲಿಷಿನಲ್ಲಿರುತ್ತದೆ, ಬಹಳವೆಂದರೆ ಆಯಾ ರಾಜ್ಯದ ಭಾಷೆಯನ್ನೂ ಸೇರಿಸಿಕೊಳ್ಳುತ್ತದೆ. ಆಂಧ್ರದ ಹಾಳೆಯಲ್ಲಿ ಚೌಕಾಬಾರಕ್ಕೂ ಕರ್ನಾಟಕದ ಹಾಳೆಯಲ್ಲಿ ಅಷ್ಟಾಚಮ್ಮಕ್ಕೂ ಜಾಗ ಸಿಗುವುದು ಕಷ್ಟ. ಇಂಗ್ಲಿಷ್ ಹಾಳೆಯಲ್ಲಿ ಕಾಯಿ ‘ಟೋಕನ್’ ಆಗಿ ‘ಹೋಮ್’ ಸೇರುತ್ತದೆ, ಹಣ್ಣಾಗುವುದಿಲ್ಲ. ಕುಂದುರ್ಪಿಯ ಸುತ್ತಿನ ಕನ್ನಡ ಮನೆಗಳ ಮಕ್ಕಳಿಗೆ ಶಾಲೆ, ಕಚೇರಿ, ಪೇಟೆಗಳ ಭಾಷೆ ಬಹುಮಟ್ಟಿಗೆ ತೆಲುಗು. ಆಟವೂ ಪೇಟೆಯ ಸರಕಾದರೆ ಕನ್ನಡ ಎಣಿಕೆ ಉಳಿಯಬಲ್ಲ ಒಂದು ಜಾಗ ಕಡಿಮೆಯಾಗುತ್ತದೆ.

ಎರಡೂ ಹೆಸರುಗಳನ್ನು, ಊರೂರಿನ ನಿಯಮಭೇದಗಳನ್ನು ಅಕ್ಕಪಕ್ಕದಲ್ಲಿ ಇಡುವ ದ್ವಿಭಾಷಾ ಹಾಳೆಯೊಂದನ್ನು ಸಿದ್ಧಪಡಿಸಲು ದೊಡ್ಡ ಬಂಡವಾಳ ಬೇಕಿಲ್ಲ. ಬೇಕಾದದ್ದು ಆಡುವವರಿಂದ ಪಾಠಗಳನ್ನು ಸಂಗ್ರಹಿಸುವ ಶ್ರಮ: ಒಳಸುತ್ತಿಗೆ ಹೋಗುವ ಮೊದಲು ಎದುರಾಳಿಯ ಕಾಯಿ ಹೊಡೆದಿರಲೇಬೇಕೆ, ಚೌಕ-ಬಾರ ಬಿದ್ದರೆ ಮತ್ತೆ ಎಷ್ಟು ಸಲ ಕವಡೆ ಹಾಕಬಹುದು, ಜೋಡಿ ಕಾಯಿಯನ್ನು ಒಂಟಿ ಕಾಯಿ ಹೊಡೆಯಬಹುದೆ ಎಂಬ ಪ್ರಶ್ನೆಗಳಿಗೆ ಒಂದೊಂದು ಊರಿನ ಉತ್ತರ. ಜಾನಪದ ವಿದ್ವಾಂಸರು ಹಾಡು-ಕಥೆಗಳಿಗೆ ಮಾಡಿರುವ ಈ ಕೆಲಸ ಆಟದ ನಿಯಮಗಳಿಗೂ ಸಲ್ಲಬೇಕಾಗಿದೆ. ಪ್ರಕಾಶಕರು ಒಂದೇ ಪಾಠವನ್ನು ಅಚ್ಚು ಹಾಕಿಸಿ ಪೇಟೆಗೆ ಬಿಡುವ ಮೊದಲು ಅದು ಆದರೆ ಒಳ್ಳೆಯದು.