ಐತಿಹ್ಯಮಾಲೆ ಮತ್ತು ಹೊರಗಿನಿಂದ ಬಂದವರು

ಜೆ. ಕೆ. ರೌಲಿಂಗ್ ಅವರ ಹ್ಯಾರಿ ಪಾಟರ್ ಮಾಲೆಯ ಕೊನೆಯ ಕಾದಂಬರಿಯಲ್ಲಿ (2007) ಹರ್ಮಾಯಿನಿಗೆ ಉಯಿಲಿನ ಮೂಲಕ ಬೀಡಲ್ ಎಂಬವನ ಹಳೆಯ ಕಥಾಪುಸ್ತಕವೊಂದು ದೊರೆಯುತ್ತದೆ. ಮಾಂತ್ರಿಕರ ಮನೆಯಲ್ಲಿ ಬೆಳೆದ ರಾನ್‌ಗೆ ಅವು ಎಳವೆಯಿಂದ ಕೇಳಿದ ಕಥೆಗಳು. ಹೊರಗೆ ಬೆಳೆದ ಹ್ಯಾರಿ ಮತ್ತು ಹರ್ಮಾಯಿನಿ ಅವುಗಳ ಹೆಸರನ್ನೂ ಅರಿಯರು. ಮರುವರ್ಷ ಆ ಕಲ್ಪಿತ ಪುಸ್ತಕವೇ ಐದು ಕಥೆಗಳ ಸಂಕಲನವಾಗಿ ಅಚ್ಚಾಯಿತು. ಒಂದು ಲೋಕದ ಮಕ್ಕಳು ಏನನ್ನು ಕೇಳುತ್ತ ಬೆಳೆದರೆಂಬುದನ್ನು ತಿಳಿಯುವುದೇ ಅದನ್ನು ಓದುವ ಸುಖ.

ಕೊಚ್ಚಿ, ತಿರುವನಂತಪುರಗಳಲ್ಲಿ ನೆಲೆಸಿದ ಕನ್ನಡಿಗರಾದ ನಾವೂ ಹರ್ಮಾಯಿನಿಯ ಪಂಗಡದವರೇ. ಮಲಯಾಳವನ್ನು ಕಲಿಯಬಹುದು, ಆದರೆ ಮಾತಿನ ನಡುವೆ ನಾರಾಣತ್ತು ಭ್ರಾಂತನ ಹೆಸರು ಬಂದರೆ ಸುತ್ತಲಿನವರು ನಗುವುದೇಕೆಂದು ಹೊಳೆಯದು. ಈ ಕೊರತೆಯನ್ನು ನೀಗುವ ಗ್ರಂಥ ‘ಐತಿಹ್ಯಮಾಲ’. ಕೊಟ್ಟಾರತ್ತಿಲ್ ಶಂಕುಣ್ಣಿಯವರ (1855–1937) ಈ ಸಂಗ್ರಹ 1909ರಿಂದ 1934ರವರೆಗೆ ಎಂಟು ಸಂಪುಟಗಳಲ್ಲಿ ಹೊರಬಂತು. ಕೊಚ್ಚಿಗೆ ಸಮೀಪದ ಕಡಮಟ್ಟದ ಮಾಂತ್ರಿಕ ಪಾದ್ರಿ ಕತ್ತನಾರ್, ತಿರುವನಂತಪುರದ ಸೆರೆಮನೆಯಲ್ಲಿ ತೀರಿಕೊಂಡನೆನ್ನಲಾದ ಕಳ್ಳ ಕಾಯಂಕುಳಂ ಕೊಚ್ಚುಣ್ಣಿ, ದಾರಿಹೋಕರನ್ನು ಮರುಳುಮಾಡುವ ಯಕ್ಷಿಯರು ಎಲ್ಲರೂ ಇಲ್ಲಿದ್ದಾರೆ.

ಇವುಗಳಲ್ಲಿ ನಾವು ಮತ್ತೆ ಮತ್ತೆ ಓದುವುದು ವರರುಚಿಯ ಕಥೆಯನ್ನು. ಬ್ರಾಹ್ಮಣನಾದ ಅವನಿಗೂ ಪರಯ ಕುಲದ ಪತ್ನಿಗೂ ಪಯಣದ ದಾರಿಯಲ್ಲಿ ಮಕ್ಕಳಾಗುತ್ತವೆ. ಪ್ರತಿ ಸಲವೂ ಅವನು, ಮಗುವಿಗೆ ಬಾಯಿ ಇದೆಯೇ ಎಂದು ಕೇಳುತ್ತಾನೆ. ಇದ್ದರೆ ಬಿಟ್ಟು ಬಾ, ಬಾಯಿ ಕೊಟ್ಟ ದೇವರು ಅನ್ನವನ್ನೂ ಕೊಡುತ್ತಾನೆ ಎನ್ನುತ್ತಾನೆ. ಕೊನೆಯ ಕೂಸನ್ನಾದರೂ ಉಳಿಸಿಕೊಳ್ಳಲು ತಾಯಿ, ಬಾಯಿಲ್ಲವೆಂದು ಸುಳ್ಳು ಹೇಳುತ್ತಾಳೆ. ನೋಡಿದರೆ ಕೂಸಿಗೆ ನಿಜವಾಗಿಯೂ ಬಾಯಿಲ್ಲ. ಅದು ಬೆಟ್ಟದ ಮೇಲಿನ ದೇವರಾಗುತ್ತದೆ. ಉಳಿದವರು ಬೇರೆ ಬೇರೆ ಜಾತಿಗಳ ಮನೆಗಳಲ್ಲಿ ಬೆಳೆಯುತ್ತಾರೆ. ಬಂಡೆಯನ್ನು ಬೆಟ್ಟಕ್ಕೆ ಉರುಳಿಸಿಕೊಂಡು ಹೋಗಿ, ಕೆಳಕ್ಕೆ ಬಿಟ್ಟು ನಗುವ ಭ್ರಾಂತನು ಅವರಲ್ಲೊಬ್ಬ. ತಂದೆಯ ಶ್ರಾದ್ಧಕ್ಕೆ ಅವರೆಲ್ಲ ಹಿರಿಯಣ್ಣ ಅಗ್ನಿಹೋತ್ರಿಯ ಮನೆಯಲ್ಲಿ ಸೇರುತ್ತಾರೆ. ಅದು ಮನೆಯವರಿಗೆ ಹಿಡಿಸುವುದಿಲ್ಲ.

ಈ ಕಥೆ ವರರುಚಿಯ ಕಾಲಕ್ಕೆ ಆಧಾರವಾಗಲಾರದು. ಆದರೆ ಸಂಪುಟಗಳು ಹೊರಬರುತ್ತಿದ್ದ ಕಾಲವನ್ನು ನೆನೆಯಬೇಕು. 1924ರಲ್ಲಿ ದೇಗುಲದ ಸುತ್ತಲಿನ ಬೀದಿಗಳಲ್ಲಿ ನಡೆಯುವ ಹಕ್ಕಿಗಾಗಿ ವೈಕಂನಲ್ಲಿ ಸತ್ಯಾಗ್ರಹ ಆರಂಭವಾಯಿತು. ತಿರುವಾಂಕೂರಿನಲ್ಲಿ ದೇವಾಲಯಗಳು ಎಲ್ಲ ಹಿಂದೂಗಳಿಗೂ ತೆರೆದದ್ದು 1936ರ ನವೆಂಬರ್ 12ರ ಘೋಷಣೆಯಿಂದ. ಕೊಚ್ಚಿಯಲ್ಲಿ ಇನ್ನೂ ತಡವಾಯಿತು. ಒಂದೇ ತಾಯಿಯ ಮಕ್ಕಳೆಂಬ ಕಥೆಯನ್ನು ಹೇಳಿಕೊಳ್ಳುತ್ತಲೇ ಈ ನಾಡು ಅವರನ್ನು ಬೇರೆ ಬೇರೆ ದೂರದಲ್ಲಿ ನಿಲ್ಲಿಸಿತ್ತು. ಶಾಸನಗಳು ಹೇಳದ ಈ ಸಂಕಟವನ್ನು ಅಜ್ಜಿಯರ ಕಥೆ ಕಾಪಾಡಿಕೊಂಡು ಬಂದಿದೆ. ನಮ್ಮ ಮಕ್ಕಳು ಬೀಡಲ್‌ನ ಕಥೆಗಳನ್ನು ಓದಲಿ. ತಾವು ಬೆಳೆಯುತ್ತಿರುವ ನೆಲದ ಈ ಕಥೆಯನ್ನೂ ಕನ್ನಡದಲ್ಲಿ ನಮ್ಮ ಬಾಯಿಂದ ಕೇಳಲಿ.