ಕಾಲು ಮೈಲಿಯ ನ್ಯಾಯ: ಹಳೆಯ ಮಸಲ್ ಕಾರುಗಳು ಮತ್ತು ಹವ್ಯಾಸಿ ಡ್ರ್ಯಾಗ್ ರೇಸಿಂಗ್

ಎರಡು ಕಾರು, ಒಂದು ನೇರ ರಸ್ತೆ, ನಿಂತಲ್ಲಿಂದ ಓಟ. ಕಾಲು ಮೈಲಿ, ಅಂದರೆ 402 ಮೀಟರ್ ದೂರದ ಗೆರೆಯನ್ನು ಮೊದಲು ದಾಟಿದವರು ಗೆದ್ದರು. ಡ್ರ್ಯಾಗ್ ರೇಸಿಂಗ್ ಅಂದರೆ ಇಷ್ಟೇ. ಆದರೆ ಹಣವಂತರ ಕಾರಿನ ಪಕ್ಕದಲ್ಲಿ ಸಂಬಳದ ದುಡ್ಡು ಉಳಿಸಿ ಕಟ್ಟಿದ ಕಾರು ಬಂದು ನಿಂತರೆ ಪೈಪೋಟಿ ನ್ಯಾಯವಾಗಿ ನಡೆಯುವುದು ಹೇಗೆ? ಅಮೆರಿಕದ ಹವ್ಯಾಸಿಗಳು ಮುಕ್ಕಾಲು ಶತಮಾನದಿಂದ ಈ ಪ್ರಶ್ನೆಗೆ ಉತ್ತರ ಹುಡುಕುತ್ತ ಬಂದಿದ್ದಾರೆ. ವೇಗದ ದಾಖಲೆಗಳ ಪಟ್ಟಿಗಿಂತ ಅವರು ಮಾಡಿಕೊಂಡ ನಿಯಮಗಳಲ್ಲೇ ಈ ಕ್ರೀಡೆಯ ನಿಜವಾದ ಬೆಳವಣಿಗೆ ಕಾಣುತ್ತದೆ.

ಒಣಕೆರೆಯಿಂದ ವಿಮಾನ ನಿಲ್ದಾಣಕ್ಕೆ

ದಕ್ಷಿಣ ಕ್ಯಾಲಿಫೋರ್ನಿಯಾದ ಮ್ಯೂರಾಕ್, ಎಲ್ ಮಿರಾಜ್ ಮುಂತಾದ ಒಣಗಿದ ಕೆರೆಗಳ ಅಂಗಳದಲ್ಲಿ 1930ರ ದಶಕದಲ್ಲೇ ಯುವಕರು ಹಳೆಯ ಫೋರ್ಡ್‌ಗಳನ್ನು ಬಿಚ್ಚಿ, ಹಗುರಮಾಡಿ ಓಡಿಸುತ್ತಿದ್ದರು. ಎರಡನೇ ಮಹಾಯುದ್ಧ ಮುಗಿದ ಮೇಲೆ ಈ ಗೀಳು ಊರಿನ ಬೀದಿಗಳಿಗೂ ಹಬ್ಬಿತು. ಜೊತೆಗೆ ಅಪಘಾತಗಳೂ ಪೊಲೀಸರೂ ಬಂದರು. 1950ರಲ್ಲಿ ಸಿ. ಜೆ. ಹಾರ್ಟ್ ಮತ್ತು ಸಂಗಡಿಗರು ಸಾಂಟಾ ಆನಾದ ವಿಮಾನ ನಿಲ್ದಾಣದಲ್ಲಿ ಟಿಕೆಟ್ ಇಟ್ಟು ಓಟ ನಡೆಸತೊಡಗಿದರು. ಮರುವರ್ಷ, ‘ಹಾಟ್ ರಾಡ್’ ಪತ್ರಿಕೆಯ ಸಂಪಾದಕ ವಾಲಿ ಪಾರ್ಕ್ಸ್ ರಾಷ್ಟ್ರೀಯ ಹಾಟ್ ರಾಡ್ ಸಂಘ, ಅಂದರೆ ಎನ್‌ಎಚ್‌ಆರ್‌ಎ ಕಟ್ಟಿದರು.

ಬೀದಿಯ ಓಟ ನಿಲ್ಲಬೇಕಾದರೆ ಓಡಿಸಲು ಬೇರೆ ಜಾಗ ಕೊಡಬೇಕು ಎಂಬುದು ಪಾರ್ಕ್ಸ್ ಅವರ ನಿಲುವು. 1953ರಲ್ಲಿ ಕ್ಯಾಲಿಫೋರ್ನಿಯಾದ ಪೊಮೋನಾದಲ್ಲಿ ಸಂಘದ ಮೊದಲ ಅಧಿಕೃತ ಸ್ಪರ್ಧೆ ನಡೆಯಿತು. 1954ರಿಂದ ನಾಲ್ವರ ತಂಡವೊಂದು ಟ್ರೇಲರ್‌ನಲ್ಲಿ ಸಲಕರಣೆ ಹೇರಿಕೊಂಡು ಊರೂರು ಸುತ್ತಿ, ಸುರಕ್ಷಿತವಾಗಿ ಓಟ ನಡೆಸುವ ಬಗೆಯನ್ನು ಸ್ಥಳೀಯ ಕ್ಲಬ್‌ಗಳಿಗೆ ಕಲಿಸಿತು. ತೂಕ ಮತ್ತು ಎಂಜಿನ್ ನೋಡಿ ಕಾರುಗಳನ್ನು ವರ್ಗಗಳಾಗಿ ವಿಂಗಡಿಸುವ ಪದ್ಧತಿ ನೆಲೆಗೊಂಡಿದ್ದೂ ಈ ವರ್ಷಗಳಲ್ಲೇ. 1963ರಲ್ಲಿ ಬಾವುಟ ಬೀಸುವವನ ಜಾಗಕ್ಕೆ ಬಣ್ಣದ ದೀಪಗಳ ಕಂಬ ಬಂತು. ಅದಕ್ಕೆ ‘ಕ್ರಿಸ್‌ಮಸ್ ಟ್ರೀ’ ಎಂಬ ಹೆಸರು ಅಂಟಿಕೊಂಡಿತು. ಅಂದಿನಿಂದ ಓಟಕ್ಕೆ ಸನ್ನೆ ಕೊಡುವ ಕೆಲಸ ಬಾವುಟದ ಕೈ ಬಿಟ್ಟು ದೀಪಗಳ ಪಾಲಾಯಿತು.

ಶೋರೂಮಿನಲ್ಲೇ ಸಿಕ್ಕ ರೇಸ್ ಕಾರು

1963ರ ಆರಂಭದಲ್ಲಿ ಜನರಲ್ ಮೋಟಾರ್ಸ್ ರೇಸಿಂಗಿಗೆ ಕೊಡುತ್ತಿದ್ದ ನೆರವನ್ನು ನಿಲ್ಲಿಸಿತು. ಮಧ್ಯಮ ಗಾತ್ರದ ಕಾರಿಗೆ ಇಷ್ಟಕ್ಕಿಂತ ದೊಡ್ಡ ಎಂಜಿನ್ ಕೂಡದೆಂಬ ಮಿತಿಯೂ ಕಂಪನಿಯಲ್ಲಿತ್ತು. ಪಾಂಟಿಯಾಕ್ ವಿಭಾಗದ ಜಾನ್ ಡಿಲೋರಿಯನ್ ಮತ್ತು ಅವರ ಎಂಜಿನಿಯರುಗಳು ಇದಕ್ಕೊಂದು ಉಪಾಯ ಕಂಡುಕೊಂಡರು. 1964ರ ಟೆಂಪೆಸ್ಟ್ ಕಾರಿಗೆ 389 ಘನ ಇಂಚಿನ, ಅಂದರೆ 6.4 ಲೀಟರಿನ ಎಂಜಿನ್ನನ್ನು ಬೇಕಾದವರು ಹೆಚ್ಚು ಹಣ ಕೊಟ್ಟು ಹಾಕಿಸಿಕೊಳ್ಳುವ ಸೌಲಭ್ಯವೆಂದು ತೋರಿಸಿದರು. ಅದೇ ಜಿಟಿಒ. ದೊಡ್ಡ ಕಾರಿನ ಎಂಜಿನ್, ಚಿಕ್ಕ ಮೈ, ದುಡಿಯುವ ಯುವಕನ ಕೈಗೆಟಕುವ ಬೆಲೆ: ಮಸಲ್ ಕಾರಿನ ಸೂತ್ರ ಹೀಗೆ ಸಿದ್ಧವಾಯಿತು.

ಉಳಿದ ಕಂಪನಿಗಳು ಸುಮ್ಮನಿರಲಿಲ್ಲ. ಕ್ರೈಸ್ಲರ್ ತನ್ನ 426 ಹೆಮಿ ಎಂಜಿನ್ನನ್ನು 1966ರಲ್ಲಿ ರಸ್ತೆ ಕಾರುಗಳಿಗೂ ಕೊಟ್ಟಿತು. 1968ರಲ್ಲಿ ಫೋರ್ಡ್‌ನ 428 ಕೋಬ್ರಾ ಜೆಟ್ ಮಸ್ಟಾಂಗ್ ಪೊಮೋನಾದ ಚಳಿಗಾಲದ ಸ್ಪರ್ಧೆಯಲ್ಲೇ ಮೊದಲ ಬಾರಿ ಕಣಕ್ಕಿಳಿದು ತನ್ನ ವರ್ಗವನ್ನು ಗೆದ್ದುಕೊಂಡಿತು. 1970ರ ಶೆವೆಲ್ ಎಸ್‌ಎಸ್ 454, ಎಲ್‌ಎಸ್6 ಎಂಜಿನ್ನಿನೊಂದಿಗೆ, 450 ಅಶ್ವಶಕ್ತಿಯ ಮಟ್ಟ ಮುಟ್ಟಿತು.

ಮೇಲೇರಿದಷ್ಟೇ ಬೇಗ ಎಲ್ಲವೂ ಇಳಿಯಿತು. ಯುವಕರ ವಿಮಾ ಕಂತು ಏರಿತು. 1970ರ ಶುದ್ಧ ಗಾಳಿ ಕಾಯ್ದೆ ಬಂತು. ಸೀಸವಿಲ್ಲದ ಪೆಟ್ರೋಲಿಗೆ ಹೊಂದಿಸಲು ಜನರಲ್ ಮೋಟಾರ್ಸ್ 1971ರಲ್ಲಿ ಎಂಜಿನ್ನುಗಳ ಕಂಪ್ರೆಷನ್ ತಗ್ಗಿಸಿತು. 1973ರ ತೈಲ ಬಿಕ್ಕಟ್ಟಿನ ಹೊತ್ತಿಗೆ ಮಸಲ್ ಕಾರಿನ ಕಾಲ ಮುಗಿದಿತ್ತು.

ನಿಧಾನದ ಕಾರಿಗೂ ಅವಕಾಶ

ಕಾರಿನ ಕಾಲ ಮುಗಿದರೂ ಹವ್ಯಾಸಿಯ ಆಟ ಮುಗಿಯಲಿಲ್ಲ. ಮುಂಚೂಣಿಯ ವರ್ಗಗಳು ಪ್ರಾಯೋಜಕರಿಲ್ಲದೆ ನಡೆಯದಷ್ಟು ದುಬಾರಿಯಾಗುತ್ತಿದ್ದ 70ರ ದಶಕದಲ್ಲೇ ಬ್ರ್ಯಾಕೆಟ್ ರೇಸಿಂಗ್ ಬೇರೂರಿತು. ಇದರಲ್ಲಿ ಚಾಲಕರು ತಮ್ಮ ಕಾರು ಎಷ್ಟು ಸೆಕೆಂಡಿನಲ್ಲಿ ಗುರಿ ಮುಟ್ಟುತ್ತದೆ ಎಂದು ಮೊದಲೇ ಹೇಳಿ, ಗಾಜಿನ ಮೇಲೆ ಬರೆದುಕೊಳ್ಳುತ್ತಾರೆ. ಒಬ್ಬರು 13.20 ಎಂದು, ಇನ್ನೊಬ್ಬರು 15.70 ಎಂದು ಬರೆದರೆ ನಿಧಾನದ ಕಾರಿಗೆ ಎರಡೂವರೆ ಸೆಕೆಂಡು ಮುಂಚೆ ಹಸಿರು ದೀಪ. ಬೇಕೆಂದೇ ಹೆಚ್ಚು ಸಮಯ ಬರೆದು ಮೋಸ ಮಾಡಲು ದಾರಿಯಿಲ್ಲ. ಹೇಳಿದ್ದಕ್ಕಿಂತ ಬೇಗ ತಲುಪಿದರೆ ಸಾಮಾನ್ಯವಾಗಿ ಸೋಲೇ ಗತಿ. ಇಲ್ಲಿ ಗೆಲ್ಲುವವರು ತಮ್ಮ ಕಾರನ್ನು ಚೆನ್ನಾಗಿ ಬಲ್ಲವರು, ದೀಪ ಕಂಡೊಡನೆ ಹೊರಡಬಲ್ಲವರು. ಈ ಕ್ರೀಡೆ ಕಂಡುಕೊಂಡ ಅತ್ಯಂತ ಉದಾರವಾದ ನಿಯಮ ಇದೆಂದು ನನಗೆ ಅನ್ನಿಸುತ್ತದೆ.

ಕಾರ್ಖಾನೆಯಿಂದ ಬಂದ ಹಾಗೆಯೇ

1990ರ ದಶಕದಲ್ಲಿ ಹವ್ಯಾಸಿಗಳು ಇನ್ನೊಂದು ದಾರಿ ಹಿಡಿದರು. ಮಿಷಿಗನ್ ರಾಜ್ಯದ ಸ್ಟಾಂಟನ್ ಎಂಬ ಸಣ್ಣ ಊರಿನ ಹೊರಗಿರುವ ಟ್ರ್ಯಾಕಿನಲ್ಲಿ 1995ರಲ್ಲಿ ‘ಪ್ಯೂರ್ ಸ್ಟಾಕ್’ ಮಸಲ್ ಕಾರುಗಳ ಓಟ ಶುರುವಾಯಿತು. ಕಾರು ಕಾರ್ಖಾನೆಯಿಂದ ಬಂದ ಸ್ಥಿತಿಗೆ ಹತ್ತಿರವಾಗಿಯೇ ಇರಬೇಕು. ರೇಸಿಗೆಂದೇ ಮಾಡಿದ ಅಗಲವಾದ ಸ್ಲಿಕ್ ಟೈರ್ ಹಾಕುವಂತಿಲ್ಲ, ಎರಕದ ಕಬ್ಬಿಣದ ಎಕ್ಸಾಸ್ಟ್ ಮ್ಯಾನಿಫೋಲ್ಡ್ ತೆಗೆಯುವಂತಿಲ್ಲ. ಮೊದಲ ದಿನದ ಓಟಗಳ ಸಮಯ ನೋಡಿ ಸರಿಸಮನಾದ ಕಾರುಗಳನ್ನು ಜೋಡಿ ಮಾಡುತ್ತಾರೆ. ಮರುದಿನ ಮೂರು ಓಟಗಳಲ್ಲಿ ಎರಡು ಗೆದ್ದವರು ಆ ಜೋಡಿಯ ವಿಜೇತರು. ಹದಿನೈದು ಸೆಕೆಂಡಿನ ಜೋಡಿಗೂ ಹನ್ನೆರಡು ಸೆಕೆಂಡಿನ ಜೋಡಿಗೂ ಅವರವರದೇ ಫೈನಲ್.

ಇಂಥ ಓಟದ ಸೂಕ್ಷ್ಮವೆಲ್ಲ ಮೊದಲ 60 ಅಡಿಯಲ್ಲಿದೆ. ಮುಂದಿನ ಚಕ್ರ ಗೆರೆಯ ಬೆಳಕಿನ ಕಿರಣವನ್ನು ಕಡಿದಾಗ ಕಂಬದ ತುದಿಯ ಪುಟ್ಟ ದೀಪಗಳು ಹೊತ್ತಿಕೊಳ್ಳುತ್ತವೆ. ಆಮೇಲೆ ಅರ್ಧರ್ಧ ಸೆಕೆಂಡಿಗೆ ಒಂದರಂತೆ ಮೂರು ಹಳದಿ, ಕೊನೆಗೆ ಹಸಿರು. ಕಿರಿದಾದ ಹಳೆಯ ಮಾದರಿಯ ಟೈರಿನ ಮೇಲೆ ಏಳು ಲೀಟರಿನ ಎಂಜಿನ್. ಆಕ್ಸಿಲರೇಟರ್ ಪೂರ್ತಿ ಒತ್ತಿದರೆ ಹಿಂದಿನ ಚಕ್ರಗಳು ನಿಂತಲ್ಲೇ ತಿರುಗಿ ಹೊಗೆಯೆಬ್ಬಿಸುತ್ತವೆ, ಕಾರು ಮುಂದೆ ಹೋಗುವುದಿಲ್ಲ. ಪಳಗಿದ ಚಾಲಕರು ಪೆಡಲನ್ನು ಹದವಾಗಿ ಒತ್ತಿ, ಟೈರು ನೆಲ ಹಿಡಿದಿದ್ದು ಸೀಟಿನಲ್ಲೇ ಗೊತ್ತಾದ ಮೇಲೆ ಪೂರ್ತಿ ತುಳಿಯುತ್ತಾರೆ. ಓಟ ಮುಗಿದೊಡನೆ ಕೈಗೆ ಬರುವ ಟೈಮ್ ಸ್ಲಿಪ್‌ನಲ್ಲಿ ಎಲ್ಲ ದಾಖಲಾಗಿರುತ್ತದೆ. ಮುಂದಿನ ಸುತ್ತಿಗೆ ಮೊದಲು ಬಾನೆಟ್ ತೆರೆದು ಇನ್‌ಟೇಕ್ ಮೇಲೆ ಐಸ್ ಇಟ್ಟು ತಂಪು ಮಾಡುವುದು, ಟೈರಿನ ಗಾಳಿ ನೋಡುವುದು, ಇಗ್ನಿಷನ್ ಟೈಮಿಂಗ್ ಒಂದಿಷ್ಟು ತಿದ್ದುವುದು ನಡೆದೇ ಇರುತ್ತದೆ.

ಹೊರನೋಟಕ್ಕೆ ಹಳೆಯದರಂತೆಯೇ ಇದ್ದು ಎಂಜಿನ್ನಿನ ಒಳಗೆ ಬೇಕಾದಷ್ಟು ಬದಲಾವಣೆಗೆ ಅವಕಾಶವಿರುವ ‘ಫಾಸ್ಟ್’ ಎಂಬ ಪಂಥವೂ ಬೆಳೆದಿದೆ. ಅದೇ ಕಿರಿದಾದ ಟೈರುಗಳ ಮೇಲೆ ಈ ಕಾರುಗಳು ಹತ್ತು ಸೆಕೆಂಡಿನ ಆಸುಪಾಸಿಗೆ ಬಂದಿವೆ.

ಉಳಿಯಬೇಕಾದ ಜಾಗ

1971ರ ಹೆಮಿ ಕುಡಾ ಕನ್ವರ್ಟಿಬಲ್ ಒಂದು 2014ರಲ್ಲಿ 35 ಲಕ್ಷ ಡಾಲರಿಗೆ ಹರಾಜಾಯಿತು. ಇಂಥ ಬೆಲೆ ಬಂದರೆ ಕಾರು ಗಾಜಿನ ಕೋಣೆ ಸೇರುವುದು ಸಹಜ. ಆದರೆ ಕಾರ್ಬ್ಯುರೇಟರಿನ ಜೆಟ್ ಹೊಂದಿಸುವುದು, ನಾಲ್ಕು ಗೇರಿನ ಕಾರನ್ನು ಗೆರೆಯಿಂದ ಬಿಡುವುದು ಕಾರು ಓಡಿದರಷ್ಟೇ ಉಳಿಯುವ ವಿದ್ಯೆಗಳು. ಅವನ್ನು ಉಳಿಸುತ್ತಿರುವವರು ವಾರಾಂತ್ಯದ ಈ ಹವ್ಯಾಸಿಗಳು. ಈಗ ಅವರಿಗೆ ಜಾಗದ್ದೇ ಚಿಂತೆ. ನ್ಯೂಜೆರ್ಸಿಯ ಇಂಗ್ಲಿಷ್‌ಟೌನ್ ಟ್ರ್ಯಾಕ್ 2018ರಲ್ಲಿ ಡ್ರ್ಯಾಗ್ ರೇಸಿಂಗ್ ನಿಲ್ಲಿಸಿತು. ಕೊಲರಾಡೋದ ಬ್ಯಾಂಡಿಮೇರ್ 2023ರಲ್ಲಿ ಮುಚ್ಚಿತು.

ಓಡಿಸಲು ಜಾಗ ಬೇಕು ಎಂಬ ಈ ಪಾಠ ನಮಗೂ ಸಲ್ಲುತ್ತದೆ. ಭಾರತದಲ್ಲಿ ಡ್ರ್ಯಾಗ್ ರೇಸಿಂಗ್ ಬೆಳೆದಿರುವುದು ಹೆಚ್ಚಾಗಿ ಬೈಕುಗಳಲ್ಲಿ. ಬೆಂಗಳೂರಿನ ಹೇಮಂತ್ ಮುದ್ದಪ್ಪ ಹಲವು ಬಾರಿ ರಾಷ್ಟ್ರೀಯ ಚಾಂಪಿಯನ್ ಆಗಿದ್ದಾರೆ. ಆದರೂ ನಮ್ಮ ಹೆದ್ದಾರಿಗಳಲ್ಲಿ ಹುಡುಗರ ಪಂದ್ಯ, ಸಾವು, ಪೊಲೀಸ್ ಕೇಸು ನಿಂತಿಲ್ಲ. 1951ರಲ್ಲಿ ವಾಲಿ ಪಾರ್ಕ್ಸ್ ಎದುರಿಗಿದ್ದದ್ದೂ ಇದೇ ಸ್ಥಿತಿ. ಅಳತೆ ಮಾಡಿದ ಕಾಲು ಮೈಲಿ, ಹೆಲ್ಮೆಟ್, ಆಂಬುಲೆನ್ಸ್, ಎಲ್ಲರಿಗೂ ಒಂದೇ ನಿಯಮ: ಇಷ್ಟನ್ನು ಒದಗಿಸಿದ ಕಡೆ ವೇಗದ ಹುಚ್ಚು ಕ್ರೀಡೆಯಾಗಿದೆ, ಕಸುಬುದಾರರನ್ನೂ ಬೆಳೆಸಿದೆ. ದಂಡ ಹಾಕುವ ವ್ಯವಸ್ಥೆ ನಮ್ಮಲ್ಲಿದೆ, ಓಡಿಸಲು ಜಾಗ ಕೊಡುವ ಕೆಲಸ ಬಾಕಿಯಿದೆ.